ಹಿಲ್ಡಿಂಗ್‌ನ ಎದುರಿನ ಜಾಗ

ಬೆರಿತ್ ಮತ್ತು ನಾನು ಬ್ಯೋರ್ನೋಸ್ ಶಾಲೆಯ ಅಡುಗೆಮನೆಯಲ್ಲಿ ಬಹಳ ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಅವಳು ಹೆದರುವ ಹೆಂಗಸಲ್ಲ. ಕುದಿಯುವ ಆಲೂಗಡ್ಡೆಯ ಹಂಡೆಯನ್ನು ಒಬ್ಬಳೇ ಇಳಿಸುತ್ತಿದ್ದಳು. ಕರಡಿ ಅಂಗಳಕ್ಕೆ ಬಂದಾಗ ಬಾಣಲೆ ಬಡಿದು ಓಡಿಸಿದವಳು. ಗಂಡ ಸತ್ತ ಮೇಲೆ ಅವನ ಕೋವಿಗಳನ್ನು ಮಾರದೆ, ತಾನೇ ಪರೀಕ್ಷೆ ಕಟ್ಟಿ, ಲೈಸೆನ್ಸ್ ಪಡೆದು ಊರಿನ ಬೇಟೆ ತಂಡಕ್ಕೆ ಸೇರಿದಳು. ಆದರೆ ಈಚಿನ ಕೆಲವು ವರ್ಷಗಳಲ್ಲಿ ಆಗಸ್ಟ್ ಮುಗಿಯುತ್ತ ಬಂದಂತೆ ಅವಳ ಕೈ ನಡುಗಲು ಶುರುವಾಗುತ್ತಿತ್ತು. ಸೌಟು ಪಾತ್ರೆಯ ಅಂಚಿಗೆ ತಾಗಿ ಟಿಣಟಿಣ ಎನ್ನುತ್ತಿತ್ತು. ನಾನು ಕೇಳಿಸದವಳ ಹಾಗೆ ಕ್ಯಾರೆಟ್ ತುರಿಯುತ್ತಿದ್ದೆ. ನಮ್ಮ ಕಡೆ ಹಾಗೆಯೇ. ಇನ್ನೊಬ್ಬರ ಕೈ ಯಾಕೆ ನಡುಗುತ್ತದೆ ಎಂದು ಕೇಳುವುದಿಲ್ಲ. ಹೇಳಬೇಕು ಅನ್ನಿಸಿದರೆ ಅವರೇ ಹೇಳುತ್ತಾರೆ. ಬೆರಿತ್ ನನಗೆ ಹೇಳಿದ್ದು ಎಲ್ಲ ನಡೆದು ಮುಗಿದ ಮೇಲೆ.

ಸೆಪ್ಟೆಂಬರಿನ ಮೊದಲ ಸೋಮವಾರ ನಮ್ಮ ಯೆಮ್ಟ್‌ಲಾಂಡ್ ಸೀಮೆಯಲ್ಲಿ ಎಲ್ಕ್ ಬೇಟೆ ಶುರು. ಕುದುರೆಗಿಂತ ಎತ್ತರದ, ಜಿಂಕೆ ಜಾತಿಯ ಪ್ರಾಣಿ ಅದು. ಒಂದು ಬಿದ್ದರೆ ಹಲವು ಮನೆಗಳಿಗೆ ಚಳಿಗಾಲದ ಮಾಂಸ. ಆ ವಾರ ಮರದ ಮಿಲ್ಲು ಅರ್ಧ ಖಾಲಿ ಹೊಡೆಯುತ್ತದೆ, ಶಾಲೆಯಲ್ಲೂ ದೊಡ್ಡ ಮಕ್ಕಳು ಕಾಣುವುದಿಲ್ಲ. ನಾಯಿ ಕಾಡಿನೊಳಗೆ ಪ್ರಾಣಿಯನ್ನು ಎಬ್ಬಿಸಿ ಅಟ್ಟುತ್ತದೆ. ಬೇಟೆಗಾರರು ತಮತಮಗೆ ಕೊಟ್ಟ ಜಾಗದಲ್ಲಿ ಅಲುಗಾಡದೆ ನಿಂತು ಕಾಯುತ್ತಾರೆ. ಯಾರು ಎಲ್ಲಿ ನಿಲ್ಲಬೇಕೆಂದು ಹೇಳುವವನು ತಂಡದ ಮುಖ್ಯಸ್ಥ. ನಮ್ಮಲ್ಲಿ ಅದು ಹಿಲ್ಡಿಂಗ್; ಎಂಬತ್ತು ದಾಟಿದ, ಬೆನ್ನು ಇನ್ನೂ ಬಾಗದ ಮುದುಕ.

ಹಿಲ್ಡಿಂಗ್‌ಗೆ ಕಣ್ಣು ಹೋಗುತ್ತಿತ್ತು. ತಂಡದಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಂದು ಶರತ್ಕಾಲ ಅವನು ಒಣಗಿದ ಮರದ ಬುಡಕ್ಕೆ ಈಡು ಹೊಡೆದ. "ಗುರಿ ತಪ್ತು, ಯಾರಿಗಾದ್ರೂ ತಪ್ಪುತ್ತೆ" ಅಂದರು ಎಲ್ಲರೂ. ಕಾರನ್ನು ಅವನ ಹೆಂಡತಿ ಎಲ್ಸಿ ಓಡಿಸತೊಡಗಿದಳು. "ನಂಗೀಗ ಓಡಿಸೋದು ಇಷ್ಟ ಆಗ್ತಿದೆ" ಎಂದು ಅವಳಾಗಿಯೇ ಹೇಳಿಕೊಂಡು ತಿರುಗಿದಳು. ಕಾಫಿ ಹೊತ್ತಿನಲ್ಲಿ ಹಿಲ್ಡಿಂಗ್ ಥರ್ಮಾಸ್ ಎತ್ತಿ ಬಗ್ಗಿಸಿದರೆ, ಪಕ್ಕದಲ್ಲಿ ಕೂತ ರೂಲಾಂಡ್ ಬೆರಳ ತುದಿಯಿಂದ ಲೋಟವನ್ನು ಮೆಲ್ಲಗೆ ಸರಿಸಿ ಸುರಿಯುವ ಕಾಫಿಯ ಕೆಳಗೆ ಹಿಡಿಯುತ್ತಿದ್ದ. ಮಾತು ನಿಲ್ಲುತ್ತಿರಲಿಲ್ಲ, ಯಾರೂ ಆ ಕಡೆ ನೋಡುತ್ತಲೂ ಇರಲಿಲ್ಲ. ರೂಲಾಂಡ್ ತಂಡದ ಉಪಮುಖ್ಯಸ್ಥ. ಹಿಲ್ಡಿಂಗ್‌ನಿಂದಲೇ ಬೇಟೆ ಕಲಿತವನು. ಅವನ ಆ ಬೆರಳಿನಲ್ಲಿ ಪ್ರೀತಿಯೂ ಇತ್ತು, ಪುಕ್ಕಲುತನವೂ ಇತ್ತು ಎಂದು ಬೆರಿತ್ ಹೇಳುತ್ತಾಳೆ.

ಕಪ್ಪುಕೊಳದ ಜೌಗಿನ ಒಂದು ಅಂಚಿನಲ್ಲಿ ಹಿಲ್ಡಿಂಗ್ ನಿಲ್ಲುತ್ತಿದ್ದ. ಎದುರಿನ ಅಂಚು ಬೆರಿತ್‌ಳ ಗಂಡನದ್ದಾಗಿತ್ತು, ಆಮೇಲೆ ಬೆರಿತ್‌ಳಿಗೆ ಬಂತು. ಮರದ ಬುಡಕ್ಕೆ ಈಡು ಬಿದ್ದ ವರ್ಷದಿಂದ ಅವಳು ಅಲ್ಲಿ ಎಲ್ಕ್ ಕಾಯುವುದನ್ನು ಬಿಟ್ಟಳು. ದಪ್ಪನೆಯ ಸ್ಪ್ರೂಸ್ ಮರವೊಂದನ್ನು ಹುಡುಕಿಕೊಂಡು ಅದರ ಹಿಂದೆ ಬೆನ್ನು ಒತ್ತಿ ನಿಂತು, ಸಂಜೆಯಾಗಲಿ ಎಂದು ಕಾಯುತ್ತಿದ್ದಳು.

ಆ ವರ್ಷ ಅವಳ ಮಗಳು ತೂವೆ ತಂಡಕ್ಕೆ ಸೇರಿದಳು. ಇಪ್ಪತ್ತರ ಹುಡುಗಿ, ಅಪ್ಪನ ಇನ್ನೊಂದು ಕೋವಿಗೆ ಎಣ್ಣೆ ಹಾಕಿ ಒರೆಸಿ ಕಾದಿದ್ದವಳು. ಬೇಟೆಗೆ ಮುಂಚಿನ ಶನಿವಾರ ಎಲ್ಲರೂ ಮಾಂಸ ಕಡಿಯುವ ಶೆಡ್ಡಿನಲ್ಲಿ ಸೇರಿದ್ದರು. ಬೆಂಚುಗಳ ಮೇಲೆ ಕಾಫಿ, ದಾಲ್ಚಿನ್ನಿ ಬನ್ನು. ಹಿಲ್ಡಿಂಗ್ ಒಬ್ಬೊಬ್ಬರ ಹೆಸರು ಹೇಳಿ ಜಾಗ ಹೇಳುತ್ತ ಬಂದ.

"ತೂವೆ, ನಿಂಗೆ ಕಪ್ಪುಕೊಳ. ನನ್ನ ಎದುರು. ನಿಮ್ಮಪ್ಪ ನಿಲ್ತಿದ್ದ ಜಾಗ ಅದು. ಬೆರಿತ್, ನೀನು ಈ ಸಲ ಹಳ್ಳದ ಪಕ್ಕ ನಿಂತ್ಕೋ."

ಹೊಸಬರಿಗೆ ಅದು ದೊಡ್ಡ ಗೌರವ. ತೂವೆಯ ಕಿವಿ ಕೆಂಪಾಯಿತು. "ಥ್ಯಾಂಕ್ಸ್, ಹಿಲ್ಡಿಂಗ್" ಅಂದಳು.

ರೂಲಾಂಡ್ ಸಕ್ಕರೆ ಹಾಕದ ಕಾಫಿಯನ್ನು ಚಮಚದಿಂದ ಕಲಕತೊಡಗಿದ. ಬಾಗಿಲ ಬಳಿ ಕೂತಿದ್ದ ಮಿರ್ಸಾದ್ ಒಂದು ಸಲ ಬೆರಿತ್‌ಳನ್ನು ನೋಡಿ, ಆಮೇಲೆ ತನ್ನ ಬೂಟುಗಳನ್ನು ನೋಡಿಕೊಂಡ.

"ಅವಳಿನ್ನೂ ಹೊಸಬಳು," ಎಂದಳು ಬೆರಿತ್. ತನ್ನ ದನಿ ತನಗೇ ದೂರದಿಂದ ಕೇಳಿಸಿದಂತಾಯಿತು. "ಆ ಜಾಗದಲ್ಲಿ ನಾನೇ ನಿಲ್ತೀನಿ. ಅವಳನ್ನ ರಸ್ತೆ ಪಕ್ಕ ಹಾಕು."

"ರಸ್ತೆ ಪಕ್ಕ ಏನಿದೆ? ಕಾರು ಬರುತ್ತೆ, ಎಲ್ಕ್ ಬರಲ್ಲ," ಎಂದ ಹಿಲ್ಡಿಂಗ್.

ಎಲ್ಲರೂ ನಕ್ಕರು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. ಅಲ್ಲಿಗೆ ಮಾತು ಮುಗಿಯಿತು.

ಮನೆಗೆ ಬರುವಾಗ ಕಾರಿನಲ್ಲಿ ಬೆರಿತ್ ಮಗಳಿಗೆ ಹೇಳಿದಳು: "ಜಾಗ ಬದಲಾಯಿಸು ಅಂತ ಅವನಿಗೆ ಫೋನ್ ಮಾಡು. ಏನಾದ್ರೂ ನೆಪ ಹೇಳು."

"ಯಾಕೆ?"

"ಯಾಕೆ ಅಂತ ನಿಂಗೊತ್ತು."

"ಗೊತ್ತು. ಎಲ್ರಿಗೂ ಗೊತ್ತು. ನೀನು ಅಷ್ಟು ವರ್ಷ ಅಲ್ಲೇ ನಿಂತ್ಯಲ್ಲ, ಒಂದು ದಿನ ಬಾಯಿ ಬಿಟ್ಯಾ? ಈಗ ನಾನು ಬಂದ ಮೊದಲ್ನೇ ದಿನಾನೇ ಹೇಳ್ಬೇಕಾ? ನಾಚ್ಕೆಯಿಂದ ಸತ್ತೇ ಹೋಗ್ತೀನಿ ಅಮ್ಮ."

"ಹಾಗಾದ್ರೆ ಹೋಗಲೇಬೇಡ."

"ಹೋಗ್ತೀನಿ. ನೀನು ಅವನಿಗೇನಾದ್ರೂ ಹೇಳಿದ್ರೆ ನಿನ್ನ ಜೊತೆ ಮಾತೇ ಆಡಲ್ಲ."

ತನ್ನ ಬಾಯಿ ಕಟ್ಟಿದ್ದೇ ಮಗಳ ಬಾಯನ್ನೂ ಕಟ್ಟಿದೆ ಎಂದು ಬೆರಿತ್‌ಳಿಗೆ ಗೊತ್ತಾಗಿತ್ತು.

ಭಾನುವಾರ ಬೆಳಿಗ್ಗೆ ರೂಲಾಂಡ್‌ಗೆ ಫೋನ್ ಮಾಡಿದಳು. ಹವೆಯ ಮಾತು, ನಾಯಿಯ ಕಾಲಿನ ಮಾತು ಆದ ಮೇಲೆ, "ಕಪ್ಪುಕೊಳದ ವಿಷಯ ಯೋಚಿಸ್ತಿದ್ದೆ" ಅಂದಳು. ಆ ಕಡೆಯಿಂದ ಉಸಿರನ್ನು ಸುರ್ರೆಂದು ಒಳಗೆಳೆದ ಸದ್ದು. ನಮ್ಮ ಉತ್ತರದವರ 'ಹೌದು' ಅಂದರೆ ಅಷ್ಟೇ.

"ಹಿಲ್ಡಿಂಗ್‌ಗೆ ವಯಸ್ಸಾಯ್ತಲ್ಲ," ಎಂದಳು ಬೆರಿತ್.

ಮತ್ತೆ ಅದೇ ಸದ್ದು.

"ಯಾರಾದ್ರೂ ಅವನ ಹತ್ರ ಮಾತಾಡ್ಬೇಕೇನೋ."

"ಹ್ಞೂಂ... ನೋಡೋಣ ಹೇಗಾಗುತ್ತೆ," ಎಂದ ರೂಲಾಂಡ್. "ಮುಂದಿನ ವರ್ಷ ಅವನೇ ಬಿಡ್ತಾನೇನೋ." ಫೋನ್ ಇಟ್ಟ.

ಇಷ್ಟೊಂದು ಹೆದರುವುದಕ್ಕೆ ಏನಿತ್ತು ಎಂದು ಹೊರಗಿನವರು ಕೇಳಬಹುದು. ನಮ್ಮೂರಿನಲ್ಲಿ ಸಿಕ್ಸ್‌ಟೆನ್ ಎಂಬ ಮೇಷ್ಟ್ರಿದ್ದ. ಒಂದು ಸಭೆಯಲ್ಲಿ ಎದ್ದು ನಿಂತು, ಶಾಲೆಯ ಬಸ್ ಓಡಿಸುವವನು ಕುಡಿದು ಓಡಿಸುತ್ತಾನೆ ಎಂದು ಎಲ್ಲರೆದುರು ಹೇಳಿಬಿಟ್ಟ. ಅದು ನಿಜವಾಗಿತ್ತು. ಡ್ರೈವರನನ್ನು ಬದಲಾಯಿಸಿದರು. ಯಾರೂ ಸಿಕ್ಸ್‌ಟೆನ್‌ಗೆ ಬಯ್ಯಲಿಲ್ಲ, ಎದುರು ಸಿಕ್ಕರೆ ತಲೆಯಾಡಿಸಿ ನಮಸ್ಕಾರವನ್ನೂ ಮಾಡಿದರು. ಆದರೆ ಕಾಫಿ ಮೇಜಿನಲ್ಲಿ ಅವನ ಎರಡೂ ಪಕ್ಕದ ಕುರ್ಚಿ ಖಾಲಿ. ಅವನು ಕೋಣೆಗೆ ಬಂದರೆ ಆಡುತ್ತಿದ್ದ ಮಾತು ಹವೆಯ ಕಡೆ ತಿರುಗುತ್ತಿತ್ತು. ಬಾಯಿಬಿಟ್ಟು ಬೈದಿದ್ದರೆ ಜಗಳವಾಡಬಹುದಿತ್ತು; ಮೌನದ ಜೊತೆ ಯಾರು ಜಗಳವಾಡುತ್ತಾರೆ? ಎರಡು ಚಳಿಗಾಲ ಕಳೆದು ಅವನು ಮನೆ ಮಾರಿ ಹೋದ. ಬೆರಿತ್ ಗಂಡನಿಲ್ಲದವಳು. ಹಿಮ ಗೋರುವುದರಿಂದ ಹಿಡಿದು ಸೌದೆ ಸೀಳುವವರೆಗೆ ಊರಿನವರು ಅವಳಿಗೆ ಬೇಕು. ಆ ಖಾಲಿ ಕುರ್ಚಿಗಳು ಅವಳ ಕಣ್ಣಮುಂದೆ ಬಂದು ನಿಲ್ಲುತ್ತಿದ್ದವು.

ಮಧ್ಯಾಹ್ನ ಅವಳು ರಸ್ತೆ ದಾಟಿ ಮಿರ್ಸಾದ್‌ನ ಅಂಗಳಕ್ಕೆ ಹೋದಳು. ಅವನು ಸೌದೆ ಜೋಡಿಸುತ್ತಿದ್ದ. ಯುದ್ಧದ ಕಾಲದಲ್ಲಿ ಬೋಸ್ನಿಯಾದಿಂದ ಓಡಿ ಬಂದವನು, ಮಿಲ್ಲಿನಲ್ಲಿ ಕೆಲಸ. ಬಂದ ಹೊಸದರಲ್ಲಿ ಎಲ್ಲರ ಮನೆ ಬಾಗಿಲನ್ನೂ ಹೇಳದೆ ಕೇಳದೆ ತಟ್ಟುತ್ತಿದ್ದ, ಬಸ್ಸಿನಲ್ಲಿ ಅಷ್ಟೊಂದು ಸೀಟು ಖಾಲಿಯಿದ್ದರೂ ಗುರುತಿನವರ ಪಕ್ಕದಲ್ಲೇ ಹೋಗಿ ಕೂರುತ್ತಿದ್ದ. ಈಗ ನಮ್ಮೆಲ್ಲರಿಗಿಂತ ಚೆನ್ನಾಗಿ ಸುಮ್ಮನಿರಲು ಕಲಿತಿದ್ದ.

"ಏನ್ ನೆರೆಮನೆಯಮ್ಮ, ನಿಮ್ಮೂರವರೂ ಹೇಳ್ದೆ ಕೇಳ್ದೆ ಬರ್ತಾರಾ?" ಎಂದು ನಕ್ಕವನು ಅವಳ ಮುಖ ನೋಡಿ ನಗು ನಿಲ್ಲಿಸಿದ. "ತೂವೆ ವಿಷಯ ತಾನೇ?"

ಬೆರಿತ್ ತಲೆಯಾಡಿಸಿದಳು. ಆ ಮಾತನ್ನು ಮನೆಯ ಹೊರಗಿನ ಒಬ್ಬರ ಬಾಯಿಂದ ಕೇಳಿದ್ದೇ ಮೊದಲು. ಅವಳು ಸೌದೆಯ ಮೇಲೆ ಕೂತಳು. "ನಿಮ್ಮೂರಲ್ಲಿ ಆಗಿದ್ರೆ ಏನ್ಮಾಡ್ತಿದ್ರಿ?"

"ನಮ್ಮೂರಲ್ಲೂ ಹಿರಿಯರ ಮುಖಕ್ಕೆ ಹೊಡ್ದ ಹಾಗೆ ಹೇಳಲ್ಲ. ಮನೆಗೆ ಹೋಗ್ತೀವಿ. ಕಾಫಿ ಕುಡೀತೀವಿ. ಅವರಪ್ಪನ ಸುದ್ದಿ, ಅವರ ನಾಯಿ ಸುದ್ದಿ, ಹಳೇ ಬೇಟೆ ಸುದ್ದಿ. ಮೂರನೇ ಕಾಫಿಗೆ ಮುದುಕನಿಗೇ ಅರ್ಥ ಆಗುತ್ತೆ ಇವನು ಯಾಕೆ ಬಂದ ಅಂತ. ಅವನಿಗೆ ಆಗದಿದ್ರೆ ಅವನ ಹೆಂಡ್ತಿಗೆ ಆಗುತ್ತೆ. ಮಾರನೇ ದಿನ ಕೋವಿ ಎಲ್ಲೋ ಕಳೆದುಹೋಗುತ್ತೆ."

"ಇಲ್ಲಿ ಹೇಳದೆ ಒಬ್ಬರ ಮನೆಗೆ ಹೋದ್ರೆ ಯಾರೋ ಸತ್ರು ಅಂದ್ಕೋತಾರೆ."

"ಅಂದ್ಕೊಳ್ಳಿ. ನಡಿ, ಇಬ್ಬರೂ ಹೋಗೋಣ." ಕೈಗವಸು ತೆಗೆದ. ಆದರೆ ತಕ್ಷಣ ಹೊರಡಲಿಲ್ಲ. "ನಂಗೂ ಭಯ ಇದೆ ಬೆರಿತ್. ಈಡಿನ ಶಬ್ದ ಅಂದ್ರೆ ಏನು ಅಂತ ನಂಗೊತ್ತು. ಆದ್ರೆ ನನಗೆ ಬಾಯಿ ಬಿಡೋ ಭಯಾನೇ ಜಾಸ್ತಿ. ಇಷ್ಟು ವರ್ಷ ಆದ್ರೂ ನಾನಿನ್ನೂ ಬೋಸ್ನಿಯಾದವನೇ. ನೀನು ಹೇಳಿದ್ರೆ ಊರು ನಿನ್ನ ಜೊತೆ ಮಾತು ಬಿಡುತ್ತೆ. ನಾನು ಹೇಳಿದ್ರೆ, 'ನೋಡಿದ್ಯಾ, ಎಷ್ಟಂದ್ರೂ ಹೊರಗಿನವನು' ಅನ್ನುತ್ತೆ."

ಇಬ್ಬರೂ ಹಿಲ್ಡಿಂಗ್‌ನ ಮನೆಗೆ ಹೋದರು. ಬಾಗಿಲು ತೆರೆದ ಎಲ್ಸಿಯ ಮುಖ ಬಿಳಿಚಿಕೊಂಡಿತು. "ಯಾರು ಹೋದ್ರು?" ಎಂದಳು.

"ಯಾರೂ ಇಲ್ಲ ಎಲ್ಸಿ. ಹೀಗೇ ಬಂದ್ವಿ."

"ಹೀಗೇ?" ಅವಳು ಅವರಿಬ್ಬರನ್ನೂ ಮತ್ತೆ ಮತ್ತೆ ನೋಡಿದಳು. ಆಮೇಲೆ ಏನೋ ಹೊಳೆದವಳಂತೆ ಬಾಗಿಲನ್ನು ಪೂರ್ತಿ ತೆರೆದು ಒಳಗೆ ಕರೆದಳು. ಬೂಟು ಬಿಚ್ಚಿ ಅಡುಗೆಮನೆಯ ಮೇಜಿನ ಸುತ್ತ ಕೂತರು. ಗೋಡೆಯ ಮೇಲೆ ಎಲ್ಕ್ ಕೊಂಬುಗಳು, ಕಿಟಕಿಯಲ್ಲಿ ಜೆರೇನಿಯಂ ಹೂವಿನ ಕುಂಡ. ಎಲ್ಸಿ ಕಾಫಿಗಿಟ್ಟಳು. ಹಿಲ್ಡಿಂಗ್ ನೆಟ್ಟಗೆ ಕೂತಿದ್ದ, ಕೈಗಳೆರಡೂ ಮೇಜಿನ ಮೇಲೆ.

ಮಿರ್ಸಾದ್ ಶುರುಮಾಡಿದ. ಅವನು ಈ ಊರಿಗೆ ಬಂದಾಗ ಇಲ್ಲಿ ಎಲ್ಲರಿಗೂ 'ನೀನು' ಅನ್ನಬೇಕು, ಮುದುಕರಿಗೂ ಡಾಕ್ಟರಿಗೂ, ಎಂದು ಹೇಳಿಕೊಟ್ಟಿದ್ದರು. ಅವತ್ತು ಮಾತ್ರ ಅವನ ಬಾಯಿಗೆ ತನ್ನ ಊರಿನ ರೂಢಿಯೇ ಬಂತು.

"ನಿಮ್ಮ ತಂದೆಯವರೂ ಇದೇ ತಂಡದಲ್ಲಿದ್ರಂತೆ. ಅವರು ಎಷ್ಟು ವರ್ಷದವರೆಗೆ ಕಾಡಿಗೆ ಹೋಗ್ತಿದ್ರು ನೀವು ನೋಡಿದ್ದು?"

ಆ 'ನೀವು' ಕೇಳಿ ಹಿಲ್ಡಿಂಗ್ ಸ್ವಲ್ಪ ಹಿಂದೆ ಸರಿದ, ಯಾರೋ ತೀರಾ ಹತ್ತಿರ ಬಂದರೆ ಸರಿಯುವಂತೆ. ಆದರೂ ಉತ್ತರ ಕೊಟ್ಟ. ಅಪ್ಪ ಸಾಯುವವರೆಗೂ ಹೋಗುತ್ತಿದ್ದ ಎಂದ. ಹಳೆಯ ನಾಯಿಗಳ ಹೆಸರು ಹೇಳಿದ. ಎಲ್ಸಿ ಕಾಫಿ ಬಗ್ಗಿಸಿದಳು. ಗಂಡನ ಲೋಟವನ್ನು ಅವನ ಬೆರಳಿಗೆ ತಾಗುವಂತೆ ಇಟ್ಟಳು. ಎರಡನೇ ಕಾಫಿ ಬಂತು. ಎಲ್ಸಿ ಕೂರಲೇ ಇಲ್ಲ. ಒಲೆಯ ಬಳಿ ಬಟ್ಟೆಯೊಂದನ್ನು ಹಿಂಡಿ ಹಿಂಡಿ ನಿಂತಿದ್ದಳು. ನಾಲ್ವರಿಗೂ ಬಂದ ವಿಷಯ ಏನೆಂದು ಗೊತ್ತಿತ್ತು.

ಮಿರ್ಸಾದ್ ಬೆರಿತ್‌ಳ ಕಡೆ ನೋಡಿದ. ಈಗ ಎಂಬಂತೆ.

"ಹಿಲ್ಡಿಂಗ್," ಎಂದಳು ಬೆರಿತ್.

"ಹೇಳು ಬೆರಿತ್."

ಅವನು ಅವಳ ಕಡೆ ತಿರುಗಿದ. ಅವನ ನೋಟ ಅವಳ ಮುಖಕ್ಕೆ ಬೀಳದೆ, ಸ್ವಲ್ಪ ಪಕ್ಕಕ್ಕೆ, ಅವಳ ಕಿವಿಯಾಚೆಗಿನ ಗೋಡೆಗೆ ಬಿತ್ತು. ಬೆರಿತ್‌ಳಿಗೆ ಆ ಹೊತ್ತಿನಲ್ಲಿ ತೂವೆ ಕಾಣಲಿಲ್ಲ, ಕೋವಿ ಕಾಣಲಿಲ್ಲ. ಇಷ್ಟು ದಿನ ಯಾರೂ ಮುಟ್ಟದ ಮಾತನ್ನು ತಾನು ಮುಟ್ಟಿದರೆ ಈ ಅಡುಗೆಮನೆ, ಈ ಮುದುಕ, ಈ ಊರು ಎಲ್ಲ ತನ್ನ ಕೈಯಲ್ಲೇ ಒಡೆದುಹೋಗುತ್ತದೆ ಎನ್ನಿಸಿತು.

"ಕಾಫಿ ಚೆನ್ನಾಗಿದೆ," ಎಂದಳು.

ಹಿಲ್ಡಿಂಗ್ ಅದೇ ಗೋಡೆಯನ್ನು ನೋಡುತ್ತ ಒಂದು ಕ್ಷಣ ಕಾದ. ಆಮೇಲೆ, "ಹ್ಞೂಂ, ಎಲ್ಸಿ ಚೆನ್ನಾಗೇ ಮಾಡ್ತಾಳೆ" ಅಂದ.

ಹೊರಡುವಾಗ ಬೆರಿತ್ ಬಗ್ಗಿ ಬೂಟು ಹಾಕಿಕೊಳ್ಳುತ್ತಿದ್ದರೆ ಎಲ್ಸಿ ಬಂದು ಅವಳ ತೋಳಿನ ಬಟ್ಟೆಯನ್ನು ಹಿಡಿದುಕೊಂಡಳು. ಗಟ್ಟಿಯಾಗಿ ಹಿಡಿದಳು. ತುಟಿ ಅಲುಗಿತು. ಬಿಟ್ಟಳು.

ಸೋಮವಾರ ಬೆಳಿಗ್ಗೆ ಜೌಗಿನ ಮೇಲೆ ಮಂಜು ಕೂತಿತ್ತು. ತೂವೆ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು, ಬೆನ್ನಚೀಲ ಏರಿಸಿ ಹೊರಟಳು. "ಮರದ ಹಿಂದೆ ನಿಂತ್ಕೋ" ಎಂದು ಬೆರಿತ್ ಪಿಸುಗುಟ್ಟಿದಳು. "ಮರದ ಹಿಂದೆ ನಿಂತ್ರೆ ಏನು ಕಾಣುತ್ತೆ ಅಮ್ಮ?" ಎಂದು ಹುಡುಗಿ ನಕ್ಕಳು. ಮಂಜಿನಲ್ಲಿ ಆ ಟೋಪಿ ಮಸುಕಾಗುತ್ತ ಹೋಗಿ ಅಳಿಸಿಹೋಯಿತು.

ಬೆರಿತ್ ಹಳ್ಳದ ಪಕ್ಕದ ತನ್ನ ಜಾಗದಲ್ಲಿ ನಿಂತಳು. ಕೈಯಲ್ಲಿ ಕೋವಿ, ಎದೆಯ ಮೇಲೆ ವಾಕಿಟಾಕಿ. ದೂರದಲ್ಲಿ ನಾಯಿ ಬೊಗಳಿತು. ಬೊಗಳು ಹತ್ತಿರವಾಗುತ್ತ, ಕಪ್ಪುಕೊಳದ ಕಡೆ ತಿರುಗಿತು. ರೂಲಾಂಡ್‌ನ ದನಿ ಬಂತು: "ಹೆಣ್ಣು ಎಲ್ಕ್. ಹಿಲ್ಡಿಂಗ್, ನಿನ್ನ ಕಡೆಗೇ ಬರ್ತಿದೆ." ಬೆರಿತ್ ಆ ಬಡಪ್ರಾಣಿಯನ್ನು ಬೇಡಿಕೊಂಡಳು: ತಿರುಗು, ಬೇರೆ ಕಡೆ ಹೋಗು, ನನ್ನ ಕಡೆ ಬಾ.

ಈಡು ಬಿತ್ತು.

ಕಾಡು ಆ ಸದ್ದನ್ನು ಒಂದು ಸಲ ಆಚೆಯಿಂದ ಈಚೆಗೆ ಉರುಳಿಸಿ ನುಂಗಿಕೊಂಡಿತು. ಆಮೇಲೆ ಹಿಲ್ಡಿಂಗ್‌ನ ದನಿ, ಎಂದಿನ ಹಾಗೆ ನಿಧಾನ: "ಬಿತ್ತು ಅನ್ಸುತ್ತೆ. ಎದುರು ಅಂಚಲ್ಲಿ."

ಎದುರು ಅಂಚು. ಬೆರಿತ್ ವಾಕಿಟಾಕಿಯ ಗುಂಡಿ ಒತ್ತಿದಳು. "ತೂವೆ? ಕೇಳಿಸ್ತಿದೆಯಾ?"

ಗರಗರ ಸದ್ದು ಮಾತ್ರ.

"ತೂವೆ, ಉತ್ತರ ಕೊಡು."

ಕಾಡಿನ ತುಂಬ ಜನರಿದ್ದರು, ಎಲ್ಲರ ಎದೆಯ ಮೇಲೂ ಅದೇ ಗರಗರ. ಕಡೆಗೆ ರೂಲಾಂಡ್: "ಬೆರಿತ್, ಜಾಗ ಬಿಡ್ಬೇಡ. ನಾಯಿ ಇನ್ನೂ ಓಡ್ತಿದೆ." ಬೇಟೆ ನಡೆಯುವಾಗ ಜಾಗ ಬಿಟ್ಟು ನಡೆಯುವುದಕ್ಕಿಂತ ದೊಡ್ಡ ತಪ್ಪಿಲ್ಲ.

ಬೆರಿತ್ ಕೋವಿಯಿಂದ ತೋಟಾ ತೆಗೆದು, ಕೋವಿಯನ್ನು ಪಾಚಿಯ ಮೇಲೆ ಬಿಸಾಡಿ ಓಡಿದಳು. ಜೌಗು ಕಾಲನ್ನು ಹಿಡಿದು ಹಿಡಿದು ಎಳೆಯಿತು. ಒಂದು ಬೂಟು ಅಲ್ಲೇ ಉಳಿಯಿತು. ಮಂಜಿನಲ್ಲಿ ಪ್ರತಿಯೊಂದು ಕಪ್ಪು ಬುಡವೂ ಬಿದ್ದ ಮನುಷ್ಯನ ಹಾಗೆ ಕಾಣುತ್ತಿತ್ತು. ಹತ್ತಿರ ಹೋದರೆ ಬುಡ, ಮುಂದೆ ಇನ್ನೊಂದು. ಹೆಸರು ಕೂಗುತ್ತಲೇ ಇದ್ದಳು. ಪಕ್ಕದಲ್ಲಿ ಇನ್ನಾರೋ ಓಡುವ ಸದ್ದು. ಮಿರ್ಸಾದ್, ಅವನೂ ಜಾಗ ಬಿಟ್ಟು ಬಂದಿದ್ದ.

ಕಿತ್ತಳೆ ಟೋಪಿಯನ್ನು ಮೊದಲು ಕಂಡವನು ಅವನೇ. ಅದು ನೆಲದ ಮಟ್ಟದಲ್ಲಿತ್ತು. ತೂವೆ ಬೋರಲಾಗಿ ಬಿದ್ದಿದ್ದಳು, ಮುಖ ಪಾಚಿಯಲ್ಲಿ, ಬೆರಳುಗಳು ಲಿಂಗಾನ್ ಹಣ್ಣಿನ ಗಿಡಗಳ ಬೇರಿನಲ್ಲಿ ಹೂತು. ಬೆರಿತ್ ಪಕ್ಕದಲ್ಲಿ ಮಂಡಿಯೂರಿದಳು. ಮಗಳ ಬೆನ್ನ ಮೇಲೆ ಕೈಯಿಟ್ಟಳು. ಬೆನ್ನು ಏರಿಳಿಯುತ್ತಿತ್ತು.

ತಿರುಗಿಸಿದರು. ಗಾಯವಿರಲಿಲ್ಲ. ಕಣ್ಣು ತೆರೆದೇ ಇತ್ತು, ಹಲ್ಲು ಕಟಕಟಿಸುತ್ತಿತ್ತು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಹಿಂದೆ, ಮಡಿಸುವ ಕುರ್ಚಿಯ ಮೇಲೆ ಇಟ್ಟಿದ್ದ ಅವಳ ಬೆನ್ನಚೀಲ ಗುಂಡು ತಾಗಿ ಆಚೆ ಹಾರಿಬಿದ್ದಿತ್ತು. ಒಳಗಿನ ಥರ್ಮಾಸ್ ಸೀಳಿ ಕಾಫಿ ಹೊಗೆಯಾಡುತ್ತ ಪಾಚಿಗೆ ಇಳಿಯುತ್ತಿತ್ತು. ಮಿರ್ಸಾದ್ ತನ್ನ ಕೋಟು ಬಿಚ್ಚಿ ಹುಡುಗಿಗೆ ಸುತ್ತಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತನ್ನ ಭಾಷೆಯಲ್ಲಿ ಏನೋ ಹೇಳುತ್ತಿದ್ದ.

"ಮಂಜಲ್ಲೂ ನಂಗೆ ಅವನು ಕಾಣ್ತಿದ್ದ. ಕೋವಿ ನನ್ನ ಕಡೆಗೇ ತಿರುಗ್ತಾ ಬಂತು," ಎಂದಳು ತೂವೆ, ಬಹಳ ಹೊತ್ತಿನ ಮೇಲೆ. "ಎಲ್ಕ್ ಆಗ್ಲೇ ದಾಟಿ ಹೋಗಿತ್ತು. ನಾನು ಕೈ ಬೀಸ್ದೆ ಅಮ್ಮ. ಕೈ ಬೀಸಿದ್ದಕ್ಕೇ ಇನ್ನೂ ಸರಿಯಾಗಿ ಗುರಿ ಹಿಡಿದ."

ಮಂಜಿನೊಳಗಿಂದ ಹಿಲ್ಡಿಂಗ್ ನಡೆದು ಬಂದ. ಬಿದ್ದ ಎಲ್ಕನ್ನು ನೋಡಲು ಬರುತ್ತಿದ್ದ. ಅವನ ಹಿಂದೆ ರೂಲಾಂಡ್, ಆಮೇಲೆ ಒಬ್ಬೊಬ್ಬರಾಗಿ ತಂಡದವರೆಲ್ಲ. ಬಂದವರು ಚೀಲ ನೋಡಿದರು, ಹುಡುಗಿಯನ್ನು ನೋಡಿದರು, ಅರ್ಥ ಮಾಡಿಕೊಂಡರು. ಅರ್ಧ ವೃತ್ತವಾಗಿ ನಿಂತರು. ಯಾರೂ ಯಾರನ್ನೂ ನೋಡಲಿಲ್ಲ.

"ಮಂಜು ಜಾಸ್ತಿ ಇತ್ತು," ಎಂದ ರೂಲಾಂಡ್.

"ಹೌದು. ಸಿಕ್ಕಾಪಟ್ಟೆ ಮಂಜು," ಎಂದ ಇನ್ನೊಬ್ಬ.

ಎಷ್ಟು ಸುಲಭವಾಗಿತ್ತು, ಎನ್ನುತ್ತಾಳೆ ಬೆರಿತ್. ತಾನೂ ಒಂದು ಸಲ 'ಮಂಜು' ಅಂದುಬಿಟ್ಟರೆ ಎಲ್ಲರೂ ಮನೆಗೆ ಹೋಗಬಹುದಿತ್ತು. ಮಗಳು ಬದುಕಿದ್ದಳು. ಆ ಅರ್ಧ ವೃತ್ತದ ಮುಂದೆ ನಿಂತಾಗ, ಓಡಿ ಬರುವಾಗ ಆದದ್ದಕ್ಕಿಂತ ಕಡಿಮೆ ಭಯವೇನೂ ಆಗಿರಲಿಲ್ಲವಂತೆ. ಒಂದು ಕಾಲಲ್ಲಿ ಬೂಟಿಲ್ಲ, ಕಾಲುಚೀಲ ಒದ್ದೆ. ತನ್ನ ಹಲ್ಲು ಕೂಡ ಮಗಳ ಹಲ್ಲಿನಂತೆಯೇ ಕಟಕಟಿಸುವುದು ಅವಳಿಗೆ ಕೇಳಿಸುತ್ತಿತ್ತು.

"ಮಂಜಲ್ಲ," ಎಂದಳು. "ಹಿಲ್ಡಿಂಗ್, ನಿಂಗೆ ಕಣ್ಣು ಕಾಣಲ್ಲ. ನಮಗೆಲ್ಲ ಗೊತ್ತು. ಎಷ್ಟೋ ವರ್ಷದಿಂದ ಗೊತ್ತು."

ಯಾರೋ ಕೆಮ್ಮಿದರು. ರೂಲಾಂಡ್ ನೆಲ ನೋಡಿದ. ಹಿಲ್ಡಿಂಗ್ ಅಲುಗಲಿಲ್ಲ.

"ಅಲ್ಲಿರೋದು ಯಾರು?" ಎಂದು ಕೇಳಿದ. "ಆ ಬಿದ್ದಿರೋದು?"

"ತೂವೆ."

ಮುದುಕ ಕೋವಿಯನ್ನು ರೂಲಾಂಡ್‌ನ ಕಡೆ ಚಾಚಿದ. ಚಾಚಿದ್ದು ಅವನಿಗಿಂತ ಒಂದು ಮೊಳ ಪಕ್ಕಕ್ಕೆ. ರೂಲಾಂಡ್ ಬಂದು ತೆಗೆದುಕೊಂಡ. ಆಮೇಲೆ ಹಿಲ್ಡಿಂಗ್ ಒದ್ದೆ ಪಾಚಿಯ ಮೇಲೆ ಕೂತುಬಿಟ್ಟ. "ಎದುರಿಗೆ ಇರೋದು ಕಾಣಲ್ಲ," ಎಂದ. "ಸುತ್ತ ಕಾಣುತ್ತೆ. ಎಲ್ಲಿ ನೋಡ್ತೀನೋ ಅಲ್ಲಿ ಮಾತ್ರ ಬೂದಿ. ಪ್ರತಿ ವರ್ಷ ನನ್ನ ಕಡೆ ಯಾವ್ದೂ ಬರದೇ ಇರ್ಲಿ ಅಂತ ಬೇಡ್ಕೊಂಡು ನಿಲ್ತಿದ್ದೆ. ಇವತ್ತು ಬರ್ತಿದೆ ಅಂತ ಎಲ್ರಿಗೂ ಕೇಳೋ ಹಾಗೆ ಹೇಳಿದ್ರಿ. ಹೊಡೀದೇ ಇದ್ರೆ ಯಾಕೆ ಅಂತ ಕೇಳ್ತಿದ್ರಲ್ಲ."

"ಯಾರೂ ಕೇಳ್ತಿರ್ಲಿಲ್ಲ," ಎಂದ ರೂಲಾಂಡ್. ಅವನ ದನಿ ಒಡೆದಿತ್ತು.

"ಹ್ಞೂಂ. ನೀವು ಕೇಳ್ತಿರ್ಲಿಲ್ಲ." ಹಿಲ್ಡಿಂಗ್ ಬೆರಿತ್‌ಳ ದನಿ ಬಂದ ಕಡೆ ತಿರುಗಿದ. "ನಿನ್ನೆ ನೀವಿಬ್ರು ಬಂದಾಗ ಹೇಳ್ತೀರಿ ಅಂದ್ಕೊಂಡೆ. ಎಲ್ಸೀನೂ ಹಾಗೇ ಅಂದ್ಕೊಂಡ್ಲು."

ಬೆರಿತ್ ಅಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿದಳು. ಯಾರೂ ತಡೆಯಲಿಲ್ಲ, ಮಾಡು ಅಂತಲೂ ಅನ್ನಲಿಲ್ಲ. ವಿಚಾರಣೆಯಲ್ಲಿ ಹಿಲ್ಡಿಂಗ್ ಎಲ್ಲವನ್ನೂ ಒಪ್ಪಿಕೊಂಡ. ಅವನಿಗೆ ಶಿಕ್ಷೆಯೆಂದು ದಂಡ ಬಿತ್ತು, ಕೋವಿಗಳನ್ನು ಒಯ್ದರು. ಉಳಿದ ಬೇಟೆಯನ್ನು ರೂಲಾಂಡ್ ನಡೆಸಿದ. ಬೆರಿತ್ ಹೋಗಲಿಲ್ಲ.

ಅವಳು ಹೆದರಿದ್ದ ಚ‌ಳಿಗಾಲ ಬಂತು. ಅಂಗಡಿಯಲ್ಲಿ ಅವಳನ್ನು ಕಂಡವರು ಹಾಲಿನ ಡಬ್ಬಿಯ ತಾರೀಖು ಓದುತ್ತ ನಿಲ್ಲುತ್ತಿದ್ದರು. ಶಾಲೆಯ ಊಟದ ಕಿಟಕಿಯಲ್ಲಿ ಮೇಷ್ಟ್ರುಗಳು ತಟ್ಟೆ ಚಾಚಿ, ಥ್ಯಾಂಕ್ಸ್ ಅಂದು, ಬೇಗ ಬೇಗ ಹೋಗುತ್ತಿದ್ದರು. ಹಿಮ ಬಿದ್ದ ಮೊದಲ ಬೆಳಿಗ್ಗೆ ಅವಳ ಅಂಗಳ ಗೋರಲು ಯಾರೂ ಬರಲಿಲ್ಲ, ಮಿರ್ಸಾದ್ ಮಾತ್ರ ಬಂದ. "ಅವರಿಗೆ ನಿನ್ನ ಮೇಲೆ ಕೋಪ ಇಲ್ಲ ಮಾರಾಯ್ತಿ," ಎಂದ ಅವನು. "ನಾಚಿಕೆ. ನಿಮ್ಮ ಜನಕ್ಕೆ ಎರಡಕ್ಕೂ ಒಂದೇ ಮುಖ."

ಅವಳು ನಂಬಲಿಲ್ಲ. ತೂವೆ ನಿದ್ದೆಯಲ್ಲಿ ಕೈ ಬೀಸುತ್ತಿದ್ದಳು. ಬಾಗಿಲು ಬಡಿದುಕೊಂಡರೂ ನೆಲಕ್ಕೆ ಬಗ್ಗುತ್ತಿದ್ದಳು. ಬೆರಿತ್ ಸೌಟು ಹಿಡಿದರೆ ಅದೇ ಟಿಣಟಿಣ. ಈ ಸಲ ನಾನು ಅವಳ ಕೈ ಹಿಡಿದುಕೊಂಡು, "ಕೂತ್ಕೋ, ಏನಾಯ್ತು ಹೇಳು" ಎಂದೆ. ಅವಳು ದಿಗಿಲುಬಿದ್ದು ಕೈ ಎಳೆದುಕೊಂಡಳು. ಆಮೇಲೆ ಆಲೂಗಡ್ಡೆ ಮೂಟೆಯ ಮೇಲೆ ಕೂತು ಹೇಳತೊಡಗಿದಳು.

ನವೆಂಬರಿನಲ್ಲಿ, ಮಧ್ಯಾಹ್ನವೇ ಕತ್ತಲಾಗುವ ಕಾಲದಲ್ಲಿ, ಅವಳು ಕೆಲಸ ಮುಗಿಸಿ ಮನೆಗೆ ಬಂದರೆ ಬಾಗಿಲ ಹಿಡಿಗೆ ಚೀಲವೊಂದು ನೇತಾಡುತ್ತಿತ್ತು. ಕೆಳಗಿನ ಹಿಮದ ಮೇಲೆ ರಕ್ತದ ಹನಿಗಳು. ಅಂಗಳದಲ್ಲಿ ಹೆಜ್ಜೆಗುರುತು ಬಂದು ಹೋಗಿತ್ತು. ಯಾರೂ ಗಂಟೆ ಒತ್ತಿರಲಿಲ್ಲ. ಬೆರಿತ್ ಕಾರಿನಿಂದ ಇಳಿಯಲೇ ಇಲ್ಲ. ದೀಪ ಆರಿಸಿ, ಬಾಗಿಲು ಲಾಕ್ ಮಾಡಿಕೊಂಡು ಕೂತು ನನಗೆ ಫೋನ್ ಮಾಡಿದಳು. "ಬಾ. ಯಾರೋ ಏನೋ ಕಟ್ಟಿ ಹೋಗಿದ್ದಾರೆ. ಬೆಕ್ಕೋ ಏನೋ. ನಮ್ಮ ಬೆಕ್ಕು ಬೆಳಿಗ್ಗೆಯಿಂದ ಕಾಣ್ತಿಲ್ಲ."

ನಾನು ಹೋಗಿ ಚೀಲ ಬಿಚ್ಚಿದೆ. ಒಳಗೆ ಎಲ್ಕ್ ಮಾಂಸ. ಬೆನ್ನುಮೂಳೆಯ ಕೆಳಬದಿಗೆ ಅಂಟಿಕೊಂಡಿರುವ ಮೆತ್ತನೆಯ ತುಂಡು, ಇಡೀ ಪ್ರಾಣಿಯಲ್ಲಿ ಎರಡೇ ಸಿಗುವಂಥದ್ದು. ನಮ್ಮಲ್ಲಿ ಅದನ್ನು ಪಾಲು ಮಾಡುವುದಿಲ್ಲ. ಅದು ತಂಡದ ಮುಖ್ಯಸ್ಥನ ಮನೆಗೆ ಹೋಗುವುದು ವಾಡಿಕೆ. ಎರಡೂ ತುಂಡು ಚೀಲದಲ್ಲಿದ್ದವು. ಯಾರು ತಂದರೆಂದು ಅವಳು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಬೆಕ್ಕು ಸೌದೆ ಕೋಣೆಯಲ್ಲಿ ಮಲಗಿತ್ತು.

ಮರುವರ್ಷ ಬೇಸಿಗೆಯಲ್ಲಿ ರೂಲಾಂಡ್ ಫೋನ್ ಮಾಡಿ, ಹವೆಯ ಮಾತು ಮುಗಿಸಿ, ತಂಡವನ್ನು ನೀನು ನೋಡಿಕೊಳ್ಳುತ್ತೀಯೇನೋ ಎಂದು ಎಲ್ಲರೂ ಯೋಚಿಸುತ್ತಿದ್ದೇವೆ ಎಂದ. ಬೆರಿತ್ ಒಂದು ವಾರ ನಿದ್ದೆಗೆಟ್ಟು ಒಪ್ಪಿಕೊಂಡಳು. ತೂವೆ ಕಾಡಿಗೆ ಹೋಗುವುದನ್ನು ಬಿಟ್ಟಳು. ಅಪ್ಪನ ಕೋವಿ ಕಪಾಟಿನಲ್ಲಿದೆ. ಅವಳು ಅದರ ಎದುರು ಕೂಡ ನಿಲ್ಲುವುದಿಲ್ಲ.

ಈಗ ಆಗಸ್ಟ್ ಬಂದರೆ ಬೆರಿತ್ ಪಟ್ಟಣಕ್ಕೆ ಹೋಗಿ ಕಣ್ಣು ಪರೀಕ್ಷೆ ಮಾಡಿಸುತ್ತಾಳೆ. ಬೇಟೆಗೆ ಮುಂಚಿನ ಶನಿವಾರ, ಶೆಡ್ಡಿನಲ್ಲಿ, ಜಾಗ ಹೇಳುವ ಮೊದಲು ಎದ್ದು ನಿಂತು ಡಾಕ್ಟರು ಏನಂದರೆಂದು ಎಲ್ಲರಿಗೂ ಹೇಳುತ್ತಾಳೆ. ಯಾರೂ ಕೇಳಿರುವುದಿಲ್ಲ. ಎಲ್ಲರಿಗೂ ಮುಜುಗರ. ಬನ್ನಿನ ತಟ್ಟೆ ಕೈಯಿಂದ ಕೈಗೆ ಸುಮ್ಮನೆ ತಿರುಗುತ್ತದೆ. ಅವಳಿಗೆ ಪ್ರತಿ ಸಲವೂ ಮೊದಲಿನಷ್ಟೇ ಭಯವಾಗುತ್ತದಂತೆ; ಹೇಳಿ ಕೂತ ಮೇಲೆ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದಂತೆ. ಕಳೆದ ವರ್ಷ ಅವಳು ಕೂತ ಮೇಲೆ ರೂಲಾಂಡ್ ಗಂಟಲು ಸರಿಮಾಡಿಕೊಂಡು, ನೆಲ ನೋಡುತ್ತ, "ನಂಗೆ ಎಡಗಿವಿ ಸರಿಯಾಗಿ ಕೇಳಿಸ್ತಿಲ್ಲ" ಎಂದ.

ಬೆರಿತ್ ಅವನಿಗೆ ರಸ್ತೆ ಪಕ್ಕದ ಜಾಗ ಕೊಟ್ಟಳು.